ನಲವತ್ತೊಂದು ಮಿಲಿಮೀಟರ್

"ಯಂತ್ರದ ಮೇಲೆ ಗೂಬೆ ಕೂರಿಸ್ಬೇಡಿ ಮೇಡಂ" ಎಂದ ಸ್ಟೋರ್ ಕೀಪರ್, ಮರದ ಪೆಟ್ಟಿಗೆಯ ಮುಚ್ಚಳವನ್ನು ಅಂಗೈಯಿಂದ ತಟ್ಟುತ್ತ. "ನಿಮ್ಮ ಹುಡುಗಿ ಮೂರು ಸಲ ಪರೀಕ್ಷೆಗೆ ಬಂದ್ಲು. ಮೂರು ಸಲಾನೂ ಬೇರೆ ಬೇರೆ ಯಂತ್ರ ತಗೊಂಡು ಹೋದ್ಲು. ಮೂರಕ್ಕೂ ಒಟ್ಟಿಗೆ ಹೊಟ್ಟೆನೋವು ಬರುತ್ತಾ?"

ಗೋಡೆ ಗಡಿಯಾರದಲ್ಲಿ ಹನ್ನೆರಡೂ ಹತ್ತು. ಮೂರು ಗಂಟೆಗೆ ಮೇಲ್ಮನವಿ ಸಮಿತಿ ಕೂಡುತ್ತದೆ.

ಇಪ್ಪತ್ತೇಳು ಜನ ಪಾಸು, ಒಬ್ಬಳು ನಪಾಸು. ತಪ್ಪು ಯಂತ್ರದ್ದೋ, ಮೇಷ್ಟ್ರದ್ದೋ, ನಮ್ಮ ಹುಡುಗಿಯದ್ದೋ ಎಂಬಲ್ಲಿಗೆ ಹೋದ ವಾರ ಬಂದು ನಿಂತಿದ್ದೆ. ಈಗ ಯಂತ್ರದ ಹೆಸರು ಹೊಡೆದುಹಾಕಬೇಕಾಯಿತು. ನಿಜ ಹೇಳಬೇಕೆಂದರೆ ನಾನು ಆಸೆ ಇಟ್ಟುಕೊಂಡಿದ್ದದ್ದೇ ಅದರ ಮೇಲೆ. ಯಂತ್ರ ಕೆಟ್ಟಿದ್ದರೆ ಯಾರ ಮರ್ಯಾದೆಯೂ ಹೋಗದೆ ಕೆಲಸ ಆಗುತ್ತಿತ್ತು.

ಹುಡುಗಿ ಎಂದರೆ ನನ್ನ ಅಕ್ಕನ ಮಗಳು. ಹಿಡಿದದ್ದನ್ನು ಬಿಡುವವಳಲ್ಲ ಎಂದು ಮನೆಯಲ್ಲಿ ಎಲ್ಲರೂ ಇರುವೆ ಎಂದೇ ಕರೆಯುತ್ತೇವೆ. ಮೂವತ್ತೊಂಬತ್ತು ವಿಷಯ ಪಾಸು ಮಾಡಿದವಳು ನಲವತ್ತನೆಯದರಲ್ಲಿ, ಅಂದರೆ ಭೂಮಾಪನದ ಪ್ರಾಯೋಗಿಕ ಪರೀಕ್ಷೆಯಲ್ಲಿ, ಮೂರು ಸಲ ಬಿದ್ದಿದ್ದಾಳೆ. ಮೂರನೇ ಸಲ ಬಿದ್ದವರ ಹೆಸರನ್ನು ವಿಶ್ವವಿದ್ಯಾಲಯದ ಪಟ್ಟಿಯಿಂದಲೇ ತೆಗೆಯುವುದು ಇಲ್ಲಿನ ನಿಯಮ. ನಾಲ್ಕು ವರ್ಷ ಓದಿದ್ದು ಓದಲೇ ಇಲ್ಲವೆಂಬ ಲೆಕ್ಕ.

ಪರೀಕ್ಷೆಯೇನೂ ಬ್ರಹ್ಮವಿದ್ಯೆಯಲ್ಲ. ಗೇಟಿನ ಪಕ್ಕದ ಕಲ್ಲಿನಲ್ಲಿ ಒಂದು ಹಿತ್ತಾಳೆ ಮೊಳೆ, ಪರೀಕ್ಷಾ ಭವನದ ತಳಪಾಯದ ಅಂಚಿನಲ್ಲಿ ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಎಷ್ಟು ಎತ್ತರದಲ್ಲಿದೆ ಎಂದು ಹೇಳಬೇಕು. ದಾರಿಯುದ್ದಕ್ಕೂ ಆರು ಕಡೆ ಮುಕ್ಕಾಲಿಯ ಮೇಲೆ ದುರ್ಬೀನಿನಂಥ ಯಂತ್ರ ಇಟ್ಟು, ಮೊಳೆಯ ಮೇಲೆ ನಿಲ್ಲಿಸಿದ ಅಳತೆ ಕೋಲನ್ನು ಓದಿ, ಒಂದರಲ್ಲಿ ಇನ್ನೊಂದನ್ನು ಕಳೆದರೆ ಆಯಿತು. ವಿಭಾಗದ ಕಪಾಟಿನಲ್ಲಿರುವ ಸರಿ ಉತ್ತರ ಎರಡು ಮೀಟರ್ ಮುನ್ನೂರ ಹದಿನಾರು ಮಿಲಿಮೀಟರ್. ಹತ್ತು ಮಿಲಿಮೀಟರ್ ಆಚೀಚೆ ಆದರೆ ಕ್ಷಮೆ ಇದೆ. ಅದನ್ನು ಮೀರಿದರೆ ನಪಾಸು.

"ಯಂತ್ರ ಕೊಟ್ಟಿದ್ದಕ್ಕೆ ಪುಸ್ತಕ ಇದೆಯಲ್ಲ, ಅದನ್ನೊಂದು ಸಲ ತೋರಿಸಿ" ಎಂದೆ.

"ನಿನ್ನೇನೂ ತೋರಿಸಿದ್ನಲ್ಲ!"

"ನಿನ್ನೆ ಎಡಗಡೆ ನೋಡಿದ್ದೆ. ಇವತ್ತು ಬಲಗಡೆ ನೋಡ್ತೀನಿ."

ಗೊಣಗುತ್ತಲೇ ಕೊಟ್ಟ. ಎಡಗಡೆ ಯಾರು ಯಾವ ಯಂತ್ರ ತೆಗೆದುಕೊಂಡರು ಎಂದಿತ್ತು. ಬಲ ತುದಿಯಲ್ಲಿ ಷರಾ ಬರೆಯುವ ಅಂಕಣ. ಎಲ್ಲರ ಮುಂದೆಯೂ 'ಸರಿ ಇದೆ', 'ಸರಿ ಇದೆ'. ನಮ್ಮವಳ ಮುಂದೆ ಮಾತ್ರ, ಮೂರು ಸಲವೂ, ಕೆಂಪು ಶಾಯಿಯಲ್ಲಿ: 'ಕೋಲಿನ ಬುಡ ಕೊಳಕು. ಎಚ್ಚರಿಸಲಾಗಿದೆ.'

"ಏನಿದು?"

"ಇನ್ನೇನು? ಅಂಗಳದ ಕೆಸರನ್ನೆಲ್ಲ ಕೋಲಿಗೆ ಮೆತ್ಕೊಂಡು ತಂದು ಇಡ್ತಾಳೆ. ಮೂರು ಸಲಾನೂ ಬೈದಿದ್ದೀನಿ. ಒರೆಸಿ ಒರೆಸಿ ನನ್ನ ಸೊಂಟ ಹೋಯ್ತು."

"ಮಿಕ್ಕ ಇಪ್ಪತ್ತೇಳು ಜನ?"

"ಅವ್ರೆಲ್ಲ ಶಿಸ್ತಿನ ಹುಡುಗ್ರು. ಕೋಲು ಹೋದ ಹಾಗೇ ಬರುತ್ತೆ."

ಹೇಳಿದ ಮೇಲೆ ಅವನಿಗೇ ಏನೋ ಹೊಳೆದಂತಾಗಿ ಬಾಯಿ ಮುಚ್ಚಿಕೊಂಡ. ಮೂವತ್ತೊಂದು ವರ್ಷ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸ ಮಾಡಿದವಳು ನಾನು. ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪಾಗುತ್ತದೆಯೇ? ಕೆಸರಿನ ಅಂಗಳದಲ್ಲಿ ಅಷ್ಟು ಕಡೆ ನಿಂತ ಕೋಲು ತೊಳೆದ ಲೋಟದ ಹಾಗೆ ವಾಪಸು ಬಂದರೆ, ಅದು ಅಂಗಳಕ್ಕೇ ಹೋಗಿರಲಿಲ್ಲ ಎಂದರ್ಥ.

"ಎಲ್ಲಿ ಕೂತ್ಕೊಂಡು ಬರೀತಾರೆ?" ಎಂದೆ.

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಕ್ಯಾಂಟೀನ್ ಹಿಂದೆ. ಉತ್ತರ ಎಲ್ಲರಿಗೂ ಗೊತ್ತು ಮೇಡಂ. ಮೊಳೆ ಹೊಡೆದಾಗಿನಿಂದ ಅದೇ ಉತ್ತರ, ಸೀನಿಯರು ಜೂನಿಯರಿಗೆ ಹೇಳ್ಕೊಂಡು ಬರ್ತಾರೆ. ಉತ್ತರ ಮೊದಲು ಬರ್ಕೊಳೋದು, ಆಮೇಲೆ ಹಿಂದಕ್ಕೆ ಹಿಂದಕ್ಕೆ ಲೆಕ್ಕ ಕಟ್ಕೊಂಡು ಬರೋದು. ಹಿಂಬಾಗಿಲ ಲೆಕ್ಕ ಅಂತಾರೆ ಹುಡುಗ್ರು. ದಯವಿಟ್ಟು ನನ್ನ ಹೆಸರು ಮಾತ್ರ ಎಲ್ಲೂ ಎತ್ತಬೇಡಿ."

ಅಲ್ಲಿಗೆ ನನ್ನ ಸಾಕ್ಷಿ ಸಿಕ್ಕಿತು, ಸಿಕ್ಕ ಗಳಿಗೆಯಲ್ಲೇ ಕೈ ಬಿಟ್ಟು ಹೋಯಿತು.

* * *

ಇರುವೆ ವಿಭಾಗದ ಮೆಟ್ಟಿಲ ಮೇಲೆ ಕೂತಿದ್ದಳು. ತೊಡೆಯ ಮೇಲೆ ಅವಳ ಮೂರು ಪರೀಕ್ಷೆಗಳ ಕಾರ್ಬನ್ ಪ್ರತಿಗಳು, ಮೂರು ತೆಳು ಪುಸ್ತಕ. ಅಮ್ಮ ಇಸ್ತ್ರಿ ಮಾಡಿಕೊಟ್ಟ ಅಂಗಿ ಹಾಕಿಕೊಂಡಿದ್ದಳು, ಮುಖ ಮಾತ್ರ ಇಸ್ತ್ರಿ ಕಾಣದ ಹಾಗಿತ್ತು.

"ಮನೆಗೆ ಹೋಗೋಣ ಚಿಕ್ಕಮ್ಮ" ಎಂದಳು. "ಸುಮ್ನೆ ಯಾಕೆ ಬೈಸ್ಕೊಳೋದು?"

"ಬೈಸಿಕೊಳ್ಳೋಕೆ ಮೂರು ಗಂಟೆ ತನಕ ಟೈಮಿದೆ. ಆಮೇಲೆ ಹೋಗೋಣ."

"ನಾನೇ ದಡ್ಡಿ ಇರ್ಬೇಕು. ಇಪ್ಪತ್ತೇಳು ಜನಕ್ಕೆ ಬಂದಿದ್ದು ನನಗೊಬ್ಬಳಿಗೇ ಬರಲ್ಲ ಅಂದ್ರೆ ಏನರ್ಥ?"

ನನಗೆ ಅಳು ಬಂತು. ಅಳುವ ಅಭ್ಯಾಸ ಇಲ್ಲದ್ದರಿಂದ ಸಿಟ್ಟು ಮಾಡಿಕೊಂಡೆ. "ಏನರ್ಥ ಅಂತ ನಾನು ಹೇಳ್ತೀನಿ, ನೀನು ಅಂಕಿ ಹೇಳು. ಎಷ್ಟೆಷ್ಟು ತಪ್ಪು ಬಂತು?"

"ಮೊದಲ್ನೇ ಸಲ ಹದಿನಾಲ್ಕು ಮಿಲಿಮೀಟರ್. ಆರು ತಿಂಗಳಾದ ಮೇಲೆ ಇಪ್ಪತ್ಮೂರು. ಮತ್ತೆ ಆರು ತಿಂಗಳಿಗೆ ನಲವತ್ತೊಂದು." ಒಂದು ಒಣ ನಗೆ ನಕ್ಕಳು. "ಹೋಗ್ತಾ ಹೋಗ್ತಾ ಇನ್ನೂ ದಡ್ಡಿ ಆಗ್ತಿದ್ದೀನಿ."

"ಜಾಸ್ತಿ ಬಂತಾ, ಕಡಿಮೆ ಬಂತಾ?"

"ಕಡಿಮೆ."

"ಮೂರೂ ಸಲ ಕಡಿಮೆನಾ? ಒಂದು ಸಲಾನೂ ಜಾಸ್ತಿ ಬರ್ಲಿಲ್ವಾ?"

"ಇಲ್ಲ. ಭವನದ ಮೊಳೆ ಇರಬೇಕಾದ್ದಕ್ಕಿಂತ ಕೆಳಗೇ ಬಂತು."

ನಾನು ಮೆಟ್ಟಿಲ ಮೇಲೆ ಅವಳ ಪಕ್ಕ ಕೂತೆ. ಕೈ ತಪ್ಪುವವರು ಎರಡೂ ಕಡೆಗೆ ತಪ್ಪುತ್ತಾರೆ. ಅಡುಗೆ ಬಾರದವಳು ಒಂದು ದಿನ ಉಪ್ಪು ಜಾಸ್ತಿ ಹಾಕಿದರೆ ಇನ್ನೊಂದು ದಿನ ಕಡಿಮೆ ಹಾಕುತ್ತಾಳೆ. ಒಂದೇ ದಿಕ್ಕಿಗೆ, ಸಲ ಸಲಕ್ಕೂ ಹೆಚ್ಚುತ್ತ ಹೋಗುವುದು ತಪ್ಪಲ್ಲ. ಅದು ಏನೋ ನಡೆಯುತ್ತಿದೆ ಎಂಬುದರ ವರದಿ.

"ಏಳು" ಎಂದೆ. "ಆ ಮೊಳೆ ತೋರಿಸು ನನಗೆ."

ಪರೀಕ್ಷಾ ಭವನ ಅಂಗಳದ ಆಚೆ ತುದಿಯಲ್ಲಿತ್ತು, ಎರಡು ಮಹಡಿ, ಉದ್ದನೆಯ ಕಿಟಕಿಗಳು. ಬಾಗಿಲಿಗೆ ಬೀಗ. ಪಕ್ಕದಲ್ಲಿ ಒಂದು ಚೀಟಿ: 'ಬಣ್ಣ ಬಳಿಯುವ ಕೆಲಸ ನಡೆಯುತ್ತಿದೆ. ಪ್ರವೇಶವಿಲ್ಲ.' ಬಣ್ಣದ ವಾಸನೆಯೂ ಇರಲಿಲ್ಲ, ಏಣಿಯೂ ಇರಲಿಲ್ಲ. ಚೀಟಿಯ ಕೆಳಗಿದ್ದ ತಾರೀಕು ನಮ್ಮ ಮೇಲ್ಮನವಿಗೆ ಕಚೇರಿಯಲ್ಲಿ ಮೊಹರು ಬಿದ್ದ ಮಾರನೇ ದಿನದ್ದು. ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಬೀಳಲಿಲ್ಲ.

ಹಿತ್ತಾಳೆ ಮೊಳೆ ಮುಂದಿನ ಮೂಲೆಯಲ್ಲಿತ್ತು. ನಾನು ಅದನ್ನು ಬಿಟ್ಟು ಹಿಂದಕ್ಕೆ ನಡೆದೆ. ಕ್ಲೇಮಿನ ಕೆಲಸದಲ್ಲಿ ಕಲಿತದ್ದು: ಮುಂದಿನ ಗೋಡೆ ಮಾಲೀಕ ತೋರಿಸುತ್ತಾನೆ, ಹಿಂದಿನದನ್ನು ನಾವೇ ನೋಡಿಕೊಳ್ಳಬೇಕು. ಹಿಂಬದಿ ಗೋಡೆಗೆ ಹಳೆಯ ಸೂಚನಾ ಫಲಕವೊಂದನ್ನು ಒರಗಿಸಿದ್ದರು. ಯಾರೂ ಓಡಾಡದ ಕಡೆ ಯಾರಿಗೆ ಸೂಚನೆ?

"ಒಂದು ಕೈ ಹಿಡಿ" ಎಂದೆ. ಇಬ್ಬರೂ ಸೇರಿ ಸರಿಸಿದೆವು.

ನೆಲದಿಂದ ಕಿಟಕಿಯ ತನಕ ಬಿರುಕು. ಅಡ್ಡಲಾಗಿ ಬೆರಳಗಲದ ಮೂರು ಗಾಜಿನ ಪಟ್ಟಿಗಳನ್ನು ಅಂಟಿಸಿದ್ದರು, ಒಂದರ ಕೆಳಗೊಂದು. ಮೂರೂ ನಡುವೆ ಮುರಿದಿದ್ದವು.

ಇದು ನನಗೆ ಹಳೆಯ ಪರಿಚಯ. ಗೋಡೆ ಇನ್ನೂ ಅಲುಗುತ್ತಿದೆಯೇ ಎಂದು ತಿಳಿಯಬೇಕಾದರೆ ಬಿರುಕಿನ ಮೇಲೆ ಗಾಜು ಅಂಟಿಸಿ ತಾರೀಕು ಬರೆಯುತ್ತಾರೆ. ಗೋಡೆ ಸುಮ್ಮನಿದ್ದರೆ ಗಾಜೂ ಸುಮ್ಮನಿರುತ್ತದೆ. ಅಲುಗಿದರೆ ಗಾಜು ಒಡೆಯುತ್ತದೆ. ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ಪಟ್ಟಿಗಳ ಪಕ್ಕ ಪೆನ್ಸಿಲಿನಲ್ಲಿ ತಾರೀಕು ಇತ್ತು. ಏಳರ ಅಂಕಿಯ ನಡುವಿಗೆ ಒಂದು ಅಡ್ಡಗೆರೆ. ಇರುವೆ ತನ್ನ ಪುಸ್ತಕ ತೆರೆದು, ಅಂಚಿನಲ್ಲಿ ಮೇಷ್ಟ್ರು ಹಾಕಿದ್ದ ಅಂಕಗಳನ್ನು ಗೋಡೆಯ ಪಕ್ಕ ಹಿಡಿದಳು. ಅದೇ ಏಳು, ಅದೇ ಅಡ್ಡಗೆರೆ.

"ಇದು ಪೆನ್ಸಿಲ್ ಮೇಷ್ಟ್ರ ಕೈ" ಎಂದಳು. ಅವಳ ಪರೀಕ್ಷಕರು. ಜೀವಮಾನದಲ್ಲಿ ಪೆನ್ನು ಮುಟ್ಟದವರೆಂದು ಹುಡುಗರು ಇಟ್ಟ ಹೆಸರು.

"ತಾರೀಕು ನೋಡು."

ನೋಡಿದಳು. ಬೆರಳು ಮಡಚಿ ಎಣಿಸಿದಳು. "ಮೊದಲ್ನೇದು ನನ್ನ ಮೊದಲ್ನೇ ಪರೀಕ್ಷೆ ಆಗಿ ನಾಲ್ಕು ದಿನಕ್ಕೆ. ಎರಡನೇದು ಎರಡನೇ ಪರೀಕ್ಷೆ ಆಗಿ ವಾರಕ್ಕೆ. ಮೂರನೇದು..."

"ಹೂಂ. ಪ್ರತಿ ಸಲ ನಿನ್ನನ್ನ ನಪಾಸು ಮಾಡಿ, ಆಮೇಲೆ ಇಲ್ಲಿಗೆ ಬಂದು ನೋಡಿದ್ದಾರೆ. ಪ್ರತಿ ಸಲಾನೂ ನೀನೇ ಸರಿ ಅಂತ ಗಾಜು ಹೇಳಿದೆ."

"ಹಾಗಾದ್ರೆ ಮೊಳೆ..."

"ಮೊಳೆ ಒಂದೇ ಅಲ್ಲ. ಕಟ್ಟಡವೇ ಕುಸೀತಾ ಇದೆ."

ಅವಳು ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ಅಲ್ಲೇ ಗೋಡೆಯ ಬುಡದಲ್ಲಿ ಕೂತು ಅತ್ತಳು. ವರ್ಷಕ್ಕೂ ಹೆಚ್ಚು ಕಾಲದಿಂದ ತನ್ನನ್ನು ತಾನೇ ದಡ್ಡಿ ಎಂದುಕೊಂಡಿದ್ದವಳು. ಗೋಡೆಯಿಂದ ದೂರ ಕೂತು ಅಳು ಎಂದು ತೋಳು ಹಿಡಿದು ಎಬ್ಬಿಸಿದೆ. ಒಡೆದು ಬಿದ್ದಿದ್ದ ಗಾಜಿನ ಚೂರೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡೆ.

* * *

ಪೆನ್ಸಿಲ್ ಮೇಷ್ಟ್ರ ಕೋಣೆಯಲ್ಲಿ ಎರಡು ಕುರ್ಚಿ, ಸುರುಳಿ ಸುತ್ತಿದ ನಕ್ಷೆಗಳು, ಒಂದು ಲೋಟದ ತುಂಬ ಹೆರೆದಿಟ್ಟ ಪೆನ್ಸಿಲ್ಲುಗಳು. ಇರುವೆಯನ್ನು ಹೊರಗೆ ಕೂರಿಸಿ ನಾನೊಬ್ಬಳೇ ಒಳಗೆ ಹೋದೆ. ಆಗ ಎರಡೂ ಇಪ್ಪತ್ತು.

ಕರವಸ್ತ್ರ ಬಿಚ್ಚಿ ಗಾಜನ್ನು ಮೇಜಿನ ಮೇಲಿಟ್ಟೆ. "ಇದು ನಿಮ್ದು. ಬಿದ್ದಿತ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಜೇಬಿನ ಪೆನ್ಸಿಲ್ ಮುಟ್ಟಿ ನೋಡಿಕೊಂಡರು.

"ಎಲ್ಲಿ ಸಿಕ್ತು?"

"ಎಲ್ಲಿ ಅಂಟಿಸಿದ್ರೋ ಅಲ್ಲೇ. ಅವಳ ಅಳತೆ ಸರಿ ಇತ್ತು."

ಅಲ್ಲಗಳೆಯುತ್ತಾರೆಂದು ಕಾದಿದ್ದೆ. ಅದಕ್ಕೆ ನಾಲ್ಕು ಮಾತು ಸಿದ್ಧ ಮಾಡಿಕೊಂಡೂ ಬಂದಿದ್ದೆ.

"ಸರಿ ಇತ್ತು" ಎಂದರು. "ಮೂರು ಸಲಾನೂ. ಇಷ್ಟು ವರ್ಷ ಪಾಠ ಮಾಡಿದ್ದೀನಿ. ಅಷ್ಟು ಚೊಕ್ಕವಾಗಿ ಕೋಲು ಓದೋ ಕಣ್ಣು ನೋಡಿಲ್ಲ."

"ಮತ್ತೆ ನಪಾಸು ಯಾಕ್ರೀ ಮಾಡಿದ್ರಿ?"

ನನ್ನ ದನಿ ಏರಿತ್ತು. ಅವರು ಗಾಜನ್ನು ಬೆರಳಿನಿಂದ ಅತ್ತಿತ್ತ ಸರಿಸಿದರು.

"ಪಾಸಾದವರ ಪುಸ್ತಕ ಕಾಯಂ ದಾಖಲೆಗೆ ಹೋಗುತ್ತೆ. ನಪಾಸಾದವರದ್ದು ಒಂದೇ ತಿಂಗಳಿಗೆ ರದ್ದಿಗೆ."

ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಹುಡುಗಿಯನ್ನು ಪಾಸು ಮಾಡಿದರೆ ಕಟ್ಟಡ ಕುಸಿದಿದೆ ಎಂದು ಬರೆದಿಟ್ಟಂತೆ. ನಪಾಸು ಮಾಡಿದರೆ ಆ ಅಂಕಿಯೇ ಹುಟ್ಟಲಿಲ್ಲ. ಅವಳ ಕೈಯಲ್ಲಿರುವ ಕಾರ್ಬನ್ ಪ್ರತಿಗಳು ಬಿಟ್ಟರೆ ಬೇರೆಲ್ಲೂ ಇಲ್ಲ.

"ಅಷ್ಟಕ್ಕೂ ನಿಮಗೇನ್ರೀ ಅದರಿಂದ?"

"ಭವನ ಕಟ್ಟೋ ಮೊದಲು ಮಣ್ಣು ಪರೀಕ್ಷೆ ಮಾಡಿ, ನೆಲ ಗಟ್ಟಿ ಇದೆ ಅಂತ ಬರೆದು ಕೊಟ್ಟಿದ್ದು ನಾನು. ಮೂರು ಕಡೆ ಕೊರೆದು ನೋಡ್ಬೇಕಿತ್ತು. ಎರಡು ಕಡೆ ನೋಡಿದೆ. ಎರಡೂ ಗಟ್ಟಿ ಇತ್ತು. ಮೂರನೇದು..." ಅವರು ಕಿಟಕಿಯತ್ತ ನೋಡಿದರು. "ಮೂರನೇದು ಕೂತಲ್ಲೇ ಬರೆದೆ."

ಹಿಂಬಾಗಿಲ ಲೆಕ್ಕ! ಹುಡುಗರಿಗೆ ಯಾರೂ ಹೊರಗಿನಿಂದ ಬಂದು ಕಲಿಸಿರಲಿಲ್ಲ.

"ಯಾರಿಗೂ ಹೇಳ್ಲಿಲ್ವಾ?"

"ರಿಜಿಸ್ಟ್ರಾರ್‌ಗೆ ಹೇಳಿದೆ, ಬಾಯಲ್ಲಿ. ಬರೆದು ಕೊಡಿ ಅಂದ್ರು. ಬರೆದು ಕೊಟ್ಟ ದಿನ ಮೊದಲು ಜೈಲಿಗೆ ಹೋಗೋದು ನೀವೇ ಅಂತ ನೆನಪೂ ಮಾಡಿದ್ರು. ಸುಮ್ಮನಾದೆ."

"ನೀವು ಸುಮ್ಮನಾಗಿದ್ದಕ್ಕೆ ಅವಳ ನಾಲ್ಕು ವರ್ಷ ಬೆಲೆನಾ?"

"ಉಳಿಸೋಕೆ ನೋಡಿದೆ ಮೇಡಂ. ಮೂರನೇ ಸಲ ಸರಿ ಉತ್ತರದ ಹಾಳೆನ ಮೇಜಿನ ಮೇಲೆ ಬಿಚ್ಚಿಟ್ಟು ಆಚೆ ಹೋದೆ. ನೋಡಿ ಬರ್ಕೊಳ್ಲಿ, ದಡ ಸೇರ್ಲಿ ಅಂತ. ವಾಪಸ್ ಬಂದಾಗ ಹಾಳೆ ಮೇಲೆ ಡಸ್ಟರ್ ಮುಚ್ಚಿಟ್ಟಿದ್ಲು. ನಲವತ್ತೊಂದು ಕಡಿಮೆ ಬರೆದು ಹೋಗಿದ್ಲು."

ಇದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೆಮ್ಮೆಯಾಯಿತು, ಅದರ ಬೆನ್ನಿಗೇ ಕೆನ್ನೆಗೆ ಬಾರಿಸಬೇಕೆನ್ನುವಷ್ಟು ಸಿಟ್ಟೂ ಬಂತು.

"ಈಗ ಹೇಳಿದ್ದನ್ನೇ ಸಮಿತಿ ಮುಂದೆ ಹೇಳಿ."

"ಆಗಲ್ಲ."

"ಯಾಕಾಗಲ್ಲ?"

"ಧೈರ್ಯ ಇಲ್ಲ." ಲೋಟದಲ್ಲಿ ಪೆನ್ಸಿಲ್ ಇಲ್ಲ ಎಂದಷ್ಟೇ ಸಹಜವಾಗಿ ಹೇಳಿದರು. "ಅಲ್ದೆ, ಅವಳು ಸರಿ ಅಂದ್ರೆ ಇಪ್ಪತ್ತೇಳು ಜನದ ಫಲಿತಾಂಶ ರದ್ದಾಗುತ್ತೆ. ಅವರ ಅಪ್ಪ ಅಮ್ಮ ನಿಮ್ಮ ಬೆನ್ನಿಗೆ ನಿಲ್ತಾರೆ ಅಂದ್ಕೊಂಡಿದ್ದೀರಾ? ನಾನು ಹೇಳೋದು ಕೇಳಿ. ಇವತ್ತು ಅವಳು ಸೋತ್ರೇನೇ ಒಳ್ಳೇದು."

"ನಾಚಿಕೆ ಆಗ್ಬೇಕು ನಿಮಗೆ."

"ಆಗಿದೆ. ಆದ್ರೂ ಕೇಳಿ. ಸೋತ್ರೆ ಮನವಿ ಕುಲಪತಿಗಳ ಹತ್ರ ಹೋಗುತ್ತೆ. ಅದು ಜೀವಂತ ಇರೋ ತನಕ..."

ಬಾಗಿಲು ತೆರೆಯಿತು. ರಿಜಿಸ್ಟ್ರಾರ್ ತಾವೇ ಬಂದು ನಿಂತಿದ್ದರು. ಕರೆಯಲು ಜವಾನನನ್ನು ಕಳಿಸದೆ ಸ್ವತಃ ಬಂದಿದ್ದರು. ಮೇಷ್ಟ್ರ ಬಾಯಿ ಅರ್ಧಕ್ಕೆ ನಿಂತಿತು. ಗಾಜಿನ ಚೂರಿನ ಮೇಲೆ ಒಂದು ನಕ್ಷೆ ಬಂದು ಕೂತಿತು.

"ಇಲ್ಲಿದ್ದೀರಾ ಮೇಡಂ!" ರಿಜಿಸ್ಟ್ರಾರ್ ನಗುತ್ತಿದ್ದರು. "ಒಳ್ಳೆ ಸುದ್ದಿ ತಂದಿದ್ದೀನಿ. ಮಗು ಭವಿಷ್ಯ ಮುಖ್ಯ, ನಿಯಮ ನಿಯಮ ಅಂತ ಕೂತ್ರೆ ಆಗುತ್ತಾ? ಸಮಿತಿ ಎದುರಿಗೇ ಇನ್ನೊಂದು ಸಲ ಅಳೀಲಿ. ಆರು ಕಡೆ ಬೇಡ, ಒಂದೇ ಕಡೆ ಯಂತ್ರ ಇಟ್ಟು ಎರಡು ಮೊಳೆ ಓದಿದ್ರೆ ಸಾಕು. ಸರಿ ಬಂದ್ರೆ ಅಲ್ಲೇ ಪಾಸು, ಅಲ್ಲೇ ಸಹಿ."

"ಸರಿ ಅಂದ್ರೆ?"

"ಸರಿ ಅಂದ್ರೆ ಏನು ಅಂತ ಈ ಅಂಗಳದಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ!" ಎಂದು ಇನ್ನಷ್ಟು ನಕ್ಕರು.

ಕೇಳುವ ಮೊದಲೇ ಕೊಡಲು ಬಂದವರನ್ನು ಕಂಡರೆ ನಾನು ಮೂವತ್ತೊಂದು ವರ್ಷ ಫೈಲನ್ನು ಎರಡು ಸಲ ಓದುತ್ತಿದ್ದೆ. ಅವತ್ತು ಒಂದು ಸಲವೂ ಓದಲಿಲ್ಲ.

* * *

ಮೂರು ಗಂಟೆಗೆ ಎಲ್ಲರೂ ಅಂಗಳದಲ್ಲಿದ್ದೆವು. ರಿಜಿಸ್ಟ್ರಾರ್ ಮತ್ತು ಸಮಿತಿಯ ಇನ್ನಿಬ್ಬರು. ಆ ಇಬ್ಬರಲ್ಲಿ ಒಬ್ಬರು ಯಂತ್ರದ ಯಾವ ತುದಿಯಿಂದ ನೋಡಬೇಕೆಂದು ಕೇಳಿದರು, ಇನ್ನೊಬ್ಬರು ಗಡಿಯಾರ ಮಾತ್ರ ನೋಡುತ್ತಿದ್ದರು. ಪೆನ್ಸಿಲ್ ಮೇಷ್ಟ್ರು ಕೋಣೆ ಬಿಟ್ಟು ಬರಲೇ ಇಲ್ಲ. ಕೋಲು ಹಿಡಿಯಲು ಸ್ಟೋರ್ ಕೀಪರ್.

ಇರುವೆ ಮುಕ್ಕಾಲಿಯನ್ನು ನೆಲಕ್ಕೆ ಒತ್ತಿ ನಿಲ್ಲಿಸಿದಳು. ಮಟ್ಟದ ಗುಳ್ಳೆ ನಡುವಿಗೆ ಬರುವ ತನಕ ತಿರುಪುಗಳನ್ನು ತಿರುಗಿಸಿದಳು. ಆ ಬೆರಳುಗಳ ಕೆಲಸ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು, ಇವಳು ಕಲಿತವಳು ಎಂದು. ಗೇಟಿನ ಮೊಳೆ ಓದಿ ಬರೆದುಕೊಂಡಳು. ಸ್ಟೋರ್ ಕೀಪರ್ ಕೋಲು ಹೊತ್ತು ಕೆಸರು ತುಳಿಯುತ್ತ ಭವನದ ಮೂಲೆಗೆ ಹೋಗಿ ನಿಂತ.

ಅವಳು ಕಣ್ಣಿಟ್ಟು ನೋಡಿದಳು. ಕಣ್ಣು ತೆಗೆದು ಗಾಜು ಒರೆಸಿದಳು. ಮತ್ತೆ ನೋಡಿದಳು. ಬಹಳ ಹೊತ್ತು ಹಾಗೇ ಇದ್ದಳು.

"ಆಯ್ತೇನಮ್ಮಾ?" ಎಂದರು ಗಡಿಯಾರದವರು.

ಪೆನ್ನು ಹಾಳೆಯ ಮೇಲೆ ನಿಂತಿತ್ತು. ಅವಳು ಮುಖ ಎತ್ತಿ ನನ್ನನ್ನು ನೋಡಿದಳು.

ಏನು ಬರೆಯಲಿ ಎಂದು ಕೇಳುವ ನೋಟ. ಮೂರು ಸಲ ಯಾರನ್ನೂ ಕೇಳದೆ ನಿಜ ಬರೆದವಳು ನಾಲ್ಕನೇ ಸಲ ನನ್ನನ್ನು ಕೇಳುತ್ತಿದ್ದಳು.

ನನಗೆ ಅಕ್ಕ ನೆನಪಾದಳು. ಆಸ್ಪತ್ರೆಯ ಬಟ್ಟೆ ತೊಳೆಯುವ ವಿಭಾಗದ ಹಬೆಯಲ್ಲಿ ನಿಂತು, ಬೆಳಗಿನಿಂದ ಸಂಜೆವರೆಗೂ ರೋಗಿಗಳ ಹಾಸಿಗೆ ಬಟ್ಟೆ ಮಡಚುವವಳು. ಗಂಡ ಸತ್ತ ಮೇಲೆ ಒಂದು ದಿನವೂ ರಜೆ ಹಾಕದವಳು, ಇವತ್ತು ಮಧ್ಯಾಹ್ನ ಮಾತ್ರ ಫೋನು ಕೈಯಲ್ಲೇ ಹಿಡಿದು ಕೂರುತ್ತೇನೆ ಎಂದಿದ್ದಳು. ಮೊದಲು ಹುಡುಗಿ ದಡ ಸೇರಲಿ, ಕಟ್ಟಡದ ವಿಚಾರ ಆಮೇಲೆ ನೋಡಿಕೊಂಡರಾಯಿತು, ಮೂರು ಪುಸ್ತಕ ನಮ್ಮ ಕೈಯಲ್ಲೇ ಇದೆಯಲ್ಲ ಎಂದುಕೊಂಡೆ.

ಅವರ ಅಂಕಿಯನ್ನೇ ಬರೆ ಎಂಬಂತೆ ನಾನು ತಲೆ ಆಡಿಸಿದೆ.

ಸುಳ್ಳು ಹಿಡಿಯುವುದನ್ನೇ ಕಸುಬು ಮಾಡಿಕೊಂಡಿದ್ದವಳು ನಾನು, ತಲೆ ಆಡಿಸಿದೆ. ಅವಳು ಬರೆದಳು, ಕಳೆದಳು, ಸಹಿ ಹಾಕಿ ಹಾಳೆ ಕೊಟ್ಟಳು.

"ಎರಡು ಮೀಟರ್ ಮುನ್ನೂರ ಹದಿನೈದು!" ರಿಜಿಸ್ಟ್ರಾರ್ ಎಲ್ಲರಿಗೂ ಕೇಳುವಂತೆ ಓದಿದರು. "ಒಂದೇ ಮಿಲಿಮೀಟರ್ ವ್ಯತ್ಯಾಸ. ಭೇಷ್! ನೋಡಿದ್ರಾ, ಮನಸ್ಸಿಟ್ಟು ಮಾಡಿದ್ರೆ ಯಾಕೆ ಬರಲ್ಲ?"

ಮೂವರೂ ಸಹಿ ಹಾಕಿದರು. ಮೇಲ್ಮನವಿಯ ಫೈಲಿನ ಮೇಲೆ 'ವಿಲೇವಾರಿಯಾಗಿದೆ' ಎಂಬ ಮೊಹರು ಬಿತ್ತು. ಮೊಹರನ್ನು ಅವರು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು.

"ಹಳೇ ಪ್ರತಿಗಳು ಕೊಡಮ್ಮ" ಎಂದು ಕೈ ಚಾಚಿದರು. "ಪಾಸಾದ ಮೇಲೆ ಹಿಂದಿನ ಪ್ರಯತ್ನಗಳೆಲ್ಲ ರದ್ದು. ನಿಯಮ."

"ತಡಿ, ಕೊಡ್ಬೇಡ" ಎನ್ನುವಷ್ಟರಲ್ಲಿ ಕೊಟ್ಟುಬಿಟ್ಟಿದ್ದಳು. ಅವಳ ಕೈಗೆ ಆಗ ಹೌದು ಅಲ್ಲ ಯಾವುದೂ ಗೊತ್ತಿರಲಿಲ್ಲ. ಮೂರು ಪುಸ್ತಕಗಳೂ ಅವರ ಫೈಲಿನೊಳಗೆ ಹೋದವು.

ರಿಜಿಸ್ಟ್ರಾರ್ ಇನ್ನೊಂದು ಜೇಬಿನಿಂದ ಬೀಗದ ಕೈ ತೆಗೆದು ಸ್ಟೋರ್ ಕೀಪರ್‌ಗೆ ಕೊಟ್ಟರು. "ಭವನ ತೆಗೀರಿ. ಅಳತೆ ಬಗ್ಗೆ ದೂರು ಇದೆ ಅಂತ ಕುಲಪತಿಗಳು ಬೀಗ ಹಾಕಿಸಿದ್ರು, ದೂರು ಮುಗೀತು. ದೂರು ಕೊಟ್ಟವಳೇ ಅಳೆದು ಸರಿ ಇದೆ ಅಂತ ಸಹಿ ಹಾಕಿದ್ದಾಳೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನಾನೂರು ಜನ ಪರೀಕ್ಷೆ ಬರೀಬೇಕು, ಇವತ್ತೇ ಬೆಂಚು ಹಾಕ್ಸಿ."

ಬಾಗಿಲ ಪಕ್ಕದ ಚೀಟಿಯ ತಾರೀಕು ಆಗ ನನ್ನ ತಲೆಗೆ ಬಿತ್ತು.

ಅಂಕಕ್ಕಾಗಿ ನಾನು ಬರೆದುಕೊಟ್ಟ ಆ ಎರಡು ಪುಟದ ಮನವಿ, ಗೆಲ್ಲುವ ಆಸೆಯೇ ಇಲ್ಲದೆ ಬರೆದದ್ದು, ಇಷ್ಟು ದಿನ ಆ ಬಾಗಿಲಿಗೆ ಬೀಗವಾಗಿ ನಿಂತಿತ್ತು. ಮೇಷ್ಟ್ರು ಹೇಳಲು ಬಂದದ್ದು ಅದನ್ನೇ. ಸೋತಿದ್ದರೆ ಅದು ಉಳಿಯುತ್ತಿತ್ತು. ನಾವು ಗೆದ್ದೆವು.

ಫೋನು ಬಡಿದುಕೊಂಡಿತು. ಅಕ್ಕ. ನನಗೆ ಎತ್ತಲಾಗಲಿಲ್ಲ. ಇರುವೆಯೇ ನನ್ನ ಕೈಯಿಂದ ತೆಗೆದುಕೊಂಡಳು.

"ಪಾಸಾದೆ ಅಮ್ಮ" ಎಂದಳು. ಆ ಕಡೆ ಬಟ್ಟೆ ಯಂತ್ರಗಳ ಗದ್ದಲದ ನಡುವೆ ಅಕ್ಕ ಜೋರಾಗಿ ಅಳುವುದು ನನಗೂ ಕೇಳಿಸಿತು. ಯಾರೋ ಚಪ್ಪಾಳೆ ತಟ್ಟಿದರು. "ಹೂಂ ಅಮ್ಮ. ಬರ್ತೀವಿ ಅಮ್ಮ" ಎಂದು ಫೋನು ಇಟ್ಟಳು.

"ಕೋಲು ಎಷ್ಟು ಹೇಳ್ತು?" ಎಂದೆ. ಕೇಳದೆ ಇರಲಾಗಲಿಲ್ಲ.

"ಎಪ್ಪತ್ನಾಲ್ಕು ಕಡಿಮೆ." ಅವಳು ಯಂತ್ರದ ತಿರುಪು ಸಡಿಲಿಸುತ್ತಿದ್ದಳು, ನನ್ನ ಮುಖ ನೋಡಲಿಲ್ಲ. "ಮೂರನೇ ಪರೀಕ್ಷೆ ಆಗಿ ಎರಡೇ ತಿಂಗಳು ಚಿಕ್ಕಮ್ಮ."

ನಾನು ರಿಜಿಸ್ಟ್ರಾರ್ ಕಡೆ ಓಡಿದೆ. ಐವತ್ತೈದು ದಾಟಿದವಳು ಕೆಸರಿನಲ್ಲಿ ಓಡುವುದನ್ನು ನೋಡಿ ಸಮಿತಿಯವರು ನಕ್ಕರು. "ಸಾರ್, ಆ ಅಂಕಿ ಸುಳ್ಳು. ನಾನೇ ಬರೆಸಿದ್ದು. ತೆಗೀಬೇಡಿ!"

"ಹಾಗಂತ ಬರೆದು ಕೊಡ್ತೀರಾ?" ಎಂದರು ಅವರು, ಅದೇ ನಗೆಯಲ್ಲಿ. "ಕೊಡಿ, ತಗೋತೀನಿ. ಸಮಿತಿ ಎದುರಿಗೇ ಸುಳ್ಳು ಅಳತೆ ಬರೆದ ಹುಡುಗಿನ ಏನು ಮಾಡ್ಬೇಕು ಅನ್ನೋದಕ್ಕೂ ನಿಯಮ ಇದೆ."

ಭವನದ ಬಾಗಿಲಲ್ಲಿ ಸ್ಟೋರ್ ಕೀಪರ್ ಹೆಗಲು ಕೊಟ್ಟು ನೂಕುತ್ತಿದ್ದ. ಬೀಗ ಅವನ ಕೈಯಲ್ಲಿ ತೂಗುತ್ತಿತ್ತು.

"ಬೀಗ ತೆಗ್ದಿದ್ದೀನಿ ಸಾರ್, ಬಾಗಿಲು ಬರ್ತಾ ಇಲ್ಲ!" ಎಂದು ಕೂಗಿದ. "ಮೇಲಿಂದ ಚೌಕಟ್ಟು ಕಚ್ಕೊಂಡ್ಬಿಟ್ಟಿದೆ!"

ರಿಜಿಸ್ಟ್ರಾರ್ ಆ ಕಡೆ ತಿರುಗಿಯೂ ನೋಡದೆ ಫೈಲಿನ ದಾರ ಕಟ್ಟಿದರು.

"ಬಡಗಿನ ಕರೆಸಿ, ಅಂಚು ಹೆರೆಸಿ" ಎಂದರು. "ಬೆಳಿಗ್ಗೆ ಒಂಬತ್ತಕ್ಕೆ ತೆಗೆದಿರ್ಬೇಕು."